ಕೆಂಪು ಗೆರೆ ಬಿದ್ದ ಸಾಲುಗಳು

ತಪಾಸಣೆಗೆ ಇನ್ನೂ ಹದಿನೈದು ದಿನ ಇದೆ ಎನ್ನುವಾಗಲೇ ಜಯಮಾಲಾ ಚೀಲ ಕಟ್ಟಲು ತೊಡಗುತ್ತಿದ್ದಳು. ಮಲಯ್ ನಾಡಿನ ಸುಬಾಂಗ್ ಜಯಾದಲ್ಲಿದ್ದ ಅವರ ಸಾಲುಮನೆಯಲ್ಲಿ ಮೆಟ್ಟಿಲಿನ ಕೆಳಗೆ ಒಂದು ಕೊಕ್ಕೆ ಇತ್ತು. ಅದಕ್ಕೆ ತೂಗುಹಾಕಿದ ಬಟ್ಟೆಯ ಚೀಲ ತರಕಾರಿಗೂ ಹೋಗುತ್ತಿರಲಿಲ್ಲ, ದೇವಸ್ಥಾನಕ್ಕೂ ಹೋಗುತ್ತಿರಲಿಲ್ಲ. ಮೊದಲು ಅದರೊಳಗೆ ನೀಲಿ ಫೈಲು ಇಳಿಯುತ್ತಿತ್ತು. ಆಮೇಲೆ ರಕ್ತಪರೀಕ್ಷೆಯ ಚೀಟಿ, ಹಳೆಯ ಮ್ಯಾಮೊಗ್ರಾಮಿನ ಸಿ.ಡಿ., ನುಂಗಿದ ಮಾತ್ರೆಗಳ ಖಾಲಿ ಪಟ್ಟಿ. ಹೊರಗೆ ಎಂಥ ಸೆಕೆಯಿದ್ದರೂ ಆಸ್ಪತ್ರೆಯೊಳಗೆ ಹಲ್ಲು ಕಡಿಯುವ ಚಳಿ, ಅದಕ್ಕೊಂದು ಸ್ವೆಟರು. ಮುಂದುಗಡೆ ಗುಂಡಿಯಿರುವ ಕುರ್ತಾ. ಮೊಸರನ್ನದ ಡಬ್ಬಿ ಮಾತ್ರ ಹೊರಡುವ ದಿನ ಬೆಳಿಗ್ಗೆ. ಎಲ್ಲಕ್ಕಿಂತ ಕೊನೆಗೆ, ಅಪಾಯಿಂಟ್‌ಮೆಂಟ್ ಕಾರ್ಡಿನ ಮಡಿಕೆಯೊಳಗೆ, ಹಿತ್ತಲ ಕುಂಡದ ತುಳಸಿಯ ಒಂದು ಎಲೆ.

ಚೀಲ ತುಂಬುವುದು ಸುಲಭ. ಕಷ್ಟವಾಗುತ್ತಿದ್ದದ್ದು ಪುಸ್ತಕ.

ಅವಳಿಗೆ ಐವತ್ತಾರು ವರ್ಷ. ಉಡುಪಿಯ ಪಕ್ಕದ ಕಲ್ಯಾಣಪುರದಲ್ಲಿ ಹುಟ್ಟಿ, ಮಣಿಪಾಲದಲ್ಲಿ ಸಂಸಾರ ಹೂಡಿ, ಗಂಡ ತ್ರಿವಿಕ್ರಮ ರಾಯರಿಗೆ ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸುವ ಕೆಲಸ ಸಿಕ್ಕಿದಾಗ ಏಳು ವರ್ಷದ ಮಗಳ ಕೈಹಿಡಿದು ಬಂದವಳು. ಬಂದು ಹತ್ತೊಂಬತ್ತು ವರ್ಷ. ಪಕ್ಕದ ಮನೆಯ ತಮಿಳು ಹೆಂಗಸು ಮಹಾಲಕ್ಷ್ಮಿಯಿಂದ ಹಿಡಿದು ಏಕಾದಶಿ ಭಜನೆಗೆ ಬರುವ ಬೆಂಗಳೂರಿನ ಹುಡುಗಿಯರವರೆಗೆ ಎಲ್ಲರೂ ತಮ್ಮ ಕಷ್ಟ ಹೊತ್ತು ತಂದು ಅವಳ ಅಡುಗೆಮನೆಯಲ್ಲಿ ಇಳಿಸುತ್ತಿದ್ದರು. ಅವಳು ಹೀರೆಕಾಯಿ ಹೆರೆಯುತ್ತ ಕೇಳುತ್ತಿದ್ದಳು. ನಡುವೆ ಬಾಯಿ ಹಾಕುತ್ತಿರಲಿಲ್ಲ. ತನ್ನದನ್ನು ಮಾತ್ರ ಯಾರ ಹತ್ತಿರವೂ ಹೇಳಿದವಳಲ್ಲ. ಹೇಳಲು ಅವಳಿಗೆ ಭಯ.

ಆ ಭಯ ಚಿಕ್ಕಂದಿನದು. ಸಂಜೆ ಹೊತ್ತು ಮಕ್ಕಳ ಬಾಯಲ್ಲಿ ಒಂದು ಕೆಟ್ಟ ಮಾತು ಬಂದರೆ ಅಜ್ಜಿ ಗದರುತ್ತಿದ್ದಳು: "ಬಿಡ್ತು ಅನ್ನು. ಅಸ್ತು ದೇವತೆಗಳು ಮಾಡಿನ ಮೇಲೆ ಓಡಾಡೋ ಹೊತ್ತು. ಕೇಳಿದ್ದಕ್ಕೆಲ್ಲ ಅಸ್ತು ಅಂದುಬಿಡ್ತಾರೆ." ದೊಡ್ಡವಳಾದ ಮೇಲೆ ಜಯಮಾಲಾ ಅದನ್ನು ಅರ್ಧ ಮರೆತಿದ್ದಳು. ಐದು ವರ್ಷದ ಹಿಂದೆ ಒಂದು ಮುಸ್ಸಂಜೆ, ದೇವರಿಗೆ ದೀಪ ಹಚ್ಚುವ ಹೊತ್ತಿಗೆ, ಊರಿನಿಂದ ತಂಗಿ ದೇವಕಿ ಫೋನು ಮಾಡಿದಳು. ಶಾಲೆಯ ಗೆಳತಿಯೊಬ್ಬಳಿಗೆ ಎದೆಯ ಕ್ಯಾನ್ಸರ್ ಅಂತೆ. ಜಯಮಾಲಾ ಬತ್ತಿ ಹೊಸೆಯುತ್ತ, ಮಾತಿಗೆ ಮಾತು ಬಂದು, "ಯಾರಿಗೆ ಗೊತ್ತು ಮಾರಾಯ್ತಿ, ನಾಳೆ ನಂಗೇ ಬಂದ್ರೆ?" ಎಂದುಬಿಟ್ಟಳು. ಎರಡು ತಿಂಗಳಿಗೆ ಸ್ನಾನ ಮಾಡುವಾಗ ಎಡಗಡೆ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಅದು ಒಳಗೆ ಹುಟ್ಟಿ ವರ್ಷಗಳೇ ಆಗಿರಬೇಕು ಎಂದರು ಡಾಕ್ಟರು. ಅವಳು ತಲೆಯಾಡಿಸಿದಳು, ನಂಬಲಿಲ್ಲ.

ಆಪರೇಷನ್ನು, ಕೀಮೋ, ರೇಡಿಯೇಷನ್ನು ಎಲ್ಲ ಮುಗಿದ ದಿನ ಡಾಕ್ಟರ್ ಯಾಪ್ ಒಂದು ಮಾತು ಹೇಳಿದ್ದರು. ಗಿಡ್ಡ ಕೂದಲಿನ, ಮೆಲುದನಿಯ ಚೀನೀ ಹೆಂಗಸು ಅವರು. "ಇನ್ನು ನನ್ನನ್ನು ಆಗೊಮ್ಮೆ ಈಗೊಮ್ಮೆ ನೋಡುತ್ತೀರಿ, ಆಂಟಿ. ನಡುವಿನ ದಿನಗಳಲ್ಲಿ ಮೈ ಏನು ಹೇಳುತ್ತದೋ ಬರೆದಿಡಿ. ಇಲ್ಲಿಗೆ ಬಂದು ಕೂತಾಗ ಎಲ್ಲರಿಗೂ ಮರೆತುಹೋಗುತ್ತದೆ." ಆ ಸಲಹೆ ಅವಳಿಗೆ ಹಿಡಿಸಿತು. ಬರೆದದ್ದಕ್ಕೆ ಅಸ್ತು ಎನ್ನುವ ದೇವತೆಯ ಬಗ್ಗೆ ಅಜ್ಜಿ ಏನೂ ಹೇಳಿರಲಿಲ್ಲ. ಅಂದಿನಿಂದ ಇನ್ನೂರು ಪುಟದ ಗೆರೆ ಪುಸ್ತಕದಲ್ಲಿ, ಶಾಲೆಯಲ್ಲಿ ಕಲಿತ ದುಂಡನೆಯ ಅಕ್ಷರದಲ್ಲಿ, ಎಲ್ಲವನ್ನೂ ಬರೆದಳು. ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ನೋವಿಗೆ ಒಂದೇ ಶಬ್ದ ಗೊತ್ತಿತ್ತು. ಕನ್ನಡದಲ್ಲಾದರೆ ಚಳುಕು, ಸೆಳೆತ, ಉರಿ, ಕುಟ್ಟಿದಂತೆ, ಕೊರೆದಂತೆ, ಎಲ್ಲ ಇತ್ತು.

ಇಂಗ್ಲಿಷಿಗೆ ತರುವ ಕೆಲಸ ರಾಯರದು. ತಪಾಸಣೆಗೆ ಎರಡು ದಿನ ಇರುವಾಗ ಅವರು ಪುಸ್ತಕ ತೆಗೆದುಕೊಂಡು ಊಟದ ಮೇಜಿಗೆ ಕೂರುತ್ತಿದ್ದರು. ಕೈಯಲ್ಲಿ ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು. ಡಾಕ್ಟರಿಗೆ ಹೇಳಬೇಕಾದ್ದನ್ನು ಉಳಿಸಿ ಬೇಡದ್ದರ ಮೇಲೆ ಗೆರೆ ಎಳೆದು, ಉಳಿದದ್ದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಒಂದು ಹಾಳೆ ಮಾಡುತ್ತಿದ್ದರು. ಆಸ್ಪತ್ರೆಗೆ ಹೋಗುತ್ತಿದ್ದದ್ದು ಆ ಹಾಳೆ. ಪುಸ್ತಕ ಮನೆಯಲ್ಲೇ ಉಳಿಯುತ್ತಿತ್ತು.

ಅವರು ಹಾಗೆ ಗೆರೆ ಎಳೆಯಲು ಕಾರಣವಿತ್ತು. ಮೊದಲ ವರ್ಷ ಅವಳು ಬರೆದದ್ದನ್ನೆಲ್ಲ ಹೇಳಿದ್ದರು. ಹೊಟ್ಟೆಯ ಬಲಗಡೆ ಹಿಡಿದಂತಾಗುತ್ತದೆ ಎಂಬ ಒಂದು ಸಾಲಿನಿಂದ ಸ್ಕ್ಯಾನ್ ಆಗಿ, ಲಿವರಿನಲ್ಲಿ ಒಂದು ನೆರಳು ಕಂಡು, ಅದು ಬರೀ ನೀರುಗುಳ್ಳೆ ಎಂದು ತಿಳಿಯಲು ಹನ್ನೊಂದು ದಿನ ಬೇಕಾಯಿತು. ಆ ಹನ್ನೊಂದು ದಿನ ರಾಯರು ಸರಿಯಾಗಿ ಅನ್ನ ಉಣ್ಣಲಿಲ್ಲ. ಕ್ಲಾಸಿನಲ್ಲಿ ಪಾಠದ ನಡುವೆ ಮಾತು ಮರೆತು ನಿಂತರಂತೆ. "ಇನ್ನು ಇಂಥದ್ದು ಬೇಡ. ಸಣ್ಣ ಸಣ್ಣದ್ದೆಲ್ಲ ನಾನೇ ನೋಡ್ತೇನೆ. ನಾನೂ ಮೆಡಿಕಲ್ ಕಾಲೇಜಿನ ನೀರು ಕುಡಿದವ ಅಲ್ವಾ?" ಎಂದು ಆಮೇಲೆ ಹೇಳಿದರು. ಅವಳೂ ಒಪ್ಪಿದಳು. ಒಪ್ಪುವುದರಲ್ಲಿ ಒಂದು ನೆಮ್ಮದಿ ಇತ್ತು.

ಈ ಸಲದ ತಪಾಸಣೆಗೆ ಮುಂಚಿನ ಭಾನುವಾರ ಮಧ್ಯಾಹ್ನ ಮಗಳು ಚೈತನ್ಯಾ ಸೈಬರ್‌ಜಯಾದಿಂದ ಬಂದಿದ್ದಳು. ಅಲ್ಲಿ ಅವಳಿಗೆ ಕಂಪ್ಯೂಟರಿನ ಕೆಲಸ. ಅಮ್ಮ ಅಡುಗೆ ಮಾಡಬಾರದೆಂದು ದಾರಿಯಲ್ಲಿ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತೋಸೈ, ಅಂದರೆ ಇಲ್ಲಿಯ ದೋಸೆ, ಕಟ್ಟಿಸಿಕೊಂಡು ಬಂದಿದ್ದಳು. ಊಟ ಮುಗಿದು, ರಾಯರು ಕನ್ನಡಕ ಒರೆಸಿ ಪೆನ್ನಿನ ಮುಚ್ಚಳ ತೆಗೆದರು.

"ಹೂಂ, ಒಂದನೇದು. ಬೆಳಿಗ್ಗೆ ಬೆರಳಿನ ಗಂಟು ಬಿಗಿ. ಇದು ಮಾತ್ರೆಯದ್ದು, ಅವರೇ ಹೇಳಿದ್ದಾರಲ್ಲ." ಗೆರೆ ಬಿತ್ತು. ಅಂಚಿನಲ್ಲಿ ಬರೆದರು: ಮಾತ್ರೆ. "ಎರಡು. ನಿದ್ದೆ ಕಮ್ಮಿ. ಈ ಪ್ರಾಯದಲ್ಲಿ ನಿದ್ದೆ ಯಾರಿಗೆ ಉಂಟು?" ಅಂಚಿನಲ್ಲಿ: ಪ್ರಾಯ. "ಮೂರು. ಬಟ್ಟೆ ಹಿಂಡಿದ ದಿನ ಎಡಗೈ ಬಾವು. ಇದು ಇರ್ಲಿ. ನಾಲ್ಕು. ಬಾಯಿಗೆ ರುಚಿ ಇಲ್ಲ. ಇದೆಂತ ಮಾಲಾ? ಮೊನ್ನೆ ಮೂರು ಪತ್ರೊಡೆ ತಿಂದದ್ದು ಯಾರು?"

"ಮೂರಲ್ಲ, ಎರಡು. ಮೂರನೇದು ನಿಮ್ಮ ಹೊಟ್ಟೆಯಲ್ಲಿ ಉಂಟು."

"ಅಪ್ಪಾ, ಯೂ ಆರ್ ಮಾರ್ಕಿಂಗ್ ಅಮ್ಮ ಲೈಕ್ ಯುವರ್ ಸ್ಟೂಡೆಂಟ್ಸ್," ಎಂದಳು ಚೈತನ್ಯಾ. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು. ಓದಲು ಬರುತ್ತಿರಲಿಲ್ಲ, ಉತ್ತರ ಹೆಚ್ಚಾಗಿ ಇಂಗ್ಲಿಷಿನಲ್ಲಿ. "ಪಾಸಾ ಫೇಲಾ?"

"ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸ್ ಮಾಡ್ತೇನೆ," ಎಂದರು ರಾಯರು. ಐದು, ಆರು ಆಯಿತು. ಏಳನೆಯ ಸಾಲಿಗೆ ಬಂದಾಗ ಅವರ ದನಿ ಕೇಳಲಿಲ್ಲ. ಪೆನ್ನು ಸಾಲಿನ ಉದ್ದಕ್ಕೂ ಒಮ್ಮೆ ಹೋಯಿತು. ತಿರುಗಿ ಬಂದು ಅದರ ಮೇಲೇ ಇನ್ನೊಮ್ಮೆ ಹೋಯಿತು. ಅಂಚಿನ ಹತ್ತಿರ ನಿಂತಿತು. ಆಮೇಲೆ ಎಂಟನೆಯದಕ್ಕೆ ಇಳಿಯಿತು. "ಎಂಟು. ಕಣ್ಣು ಮಂಜು. ಕನ್ನಡಕದ ಅಂಗಡಿಗೆ ಹೋಗುವ."

ಜಯಮಾಲಾ ಎದ್ದು ತಟ್ಟೆ ಒಳಗೆ ಒಯ್ದಳು.

ಪಾತ್ರೆ ತೊಳೆಯುವಾಗ ಚೈತನ್ಯಾ ಬಂದು ಪಕ್ಕದಲ್ಲಿ ನಿಂತಳು. "ಅಮ್ಮಾ, ವಾಟ್ ವಾಸ್ ನಂಬರ್ ಸೆವೆನ್? ಅಪ್ಪ ಎಲ್ಲ ಜೋರಾಗಿ ಓದಿದ್ರು. ಸೆವೆನ್ ಓದ್ಲಿಲ್ಲ."

"ಏನಿಲ್ಲ ಮಗಾ."

"ಏನಿಲ್ಲ ಅಂದ್ರೆ? ಯಾರಿಗಾದ್ರೂ ಹೇಳಿದ್ದೀಯಾ?"

"ದೇವರಿಗೆ ಹೇಳಿದ್ದೇನೆ."

"ದೇವರ ಹತ್ರ ಸ್ಕ್ಯಾನರ್ ಇಲ್ಲ ಲಾ, ಅಮ್ಮಾ," ಎಂದಳು ಚೈತನ್ಯಾ, ಮಾತಿನ ಕೊನೆಗೆ ಮಲಯ್ ‘ಲಾ’ ಸೇರಿಸಿ.

ಜಯಮಾಲಾಳಿಗೆ ನಗು ಬಂತು. ನಕ್ಕದ್ದಕ್ಕೆ ಬೆನ್ನಿನ ನಡುವೆ ಮೊಳೆ ಹೊಡೆದಂತಾಗಿ ಸಿಂಕಿನ ಅಂಚು ಹಿಡಿದುಕೊಂಡಳು. ಮಗಳು ನೋಡಿದಳು. ಅವಳ ಕೈಯಿಂದ ಬಾಣಲೆ ತೆಗೆದುಕೊಂಡು ತಾನೇ ತಿಕ್ಕಿದಳು.

ಮರುದಿನ ರಾಯರು ಕಾಲೇಜಿಗೆ ಹೋದ ಮೇಲೆ ಅವಳು ಪುಸ್ತಕ ತೆರೆದಳು. ಏಳನೆಯ ಸಾಲು: ‘ಬೆನ್ನಿನ ನಡುವೆ ಒಂದೇ ಕಡೆ, ಬೆರಳಿಟ್ಟು ತೋರಿಸುವ ಹಾಗೆ ನೋವು. ಮಲಗಿದರೆ ಜಾಸ್ತಿ. ಕೂತೇ ನಿದ್ದೆ ಮಾಡುತ್ತೇನೆ.’ ಅದರ ಮೇಲೆ ಎರಡು ಗೆರೆ. ಆರು ತಿಂಗಳ ಹಿಂದಿನ ಪುಟ ತಿರುಗಿಸಿದಳು. ಅಲ್ಲಿಯೂ ಇತ್ತು: ‘ಬೆನ್ನಿನ ನಡುವೆ ಸಣ್ಣ ನೋವು, ಮಲಗಿದಾಗ.’ ಅದರ ಮೇಲೆ ಒಂದು ಗೆರೆ, ಅಂಚಿನಲ್ಲಿ ರಾಯರ ಅಕ್ಷರ: ಹೂಕುಂಡ. ಆ ವಾರ ಅವಳು ತುಳಸಿಯ ಕುಂಡ ಎತ್ತಿ ಬೇರೆ ಕಡೆ ಇಟ್ಟಿದ್ದು ನಿಜ.

ಈ ಸಲದ ಅಂಚು ಖಾಲಿ.

ಅವಳು ಆ ಖಾಲಿ ಜಾಗವನ್ನೇ ನೋಡುತ್ತ ಕೂತಳು. ಕಾರಣ ಬರೆಯದೆ ಒಂದು ಮಾರ್ಕನ್ನೂ ಕಳೆಯಬಾರದು, ಹಾಗೆ ಕಳೆದರೆ ಅದು ಕಳ್ಳತನ ಎಂದು ರಾಯರು ಕಿರಿಯ ಅಧ್ಯಾಪಕರಿಗೆ ಹೇಳುವುದನ್ನು ಅವಳು ಎಷ್ಟೋ ಸಲ ಕೇಳಿದ್ದಳು. ನಾಲ್ಕು ವರ್ಷದ ಪುಟಗಳಲ್ಲಿ ಕಾರಣವಿಲ್ಲದ ಗೆರೆ ಒಂದೂ ಇರಲಿಲ್ಲ. ಇದೊಂದೇ.

ಕೊರೋನಾ ಕಾಲದಲ್ಲಿ ರಾಯರು ಇದೇ ಊಟದ ಮೇಜಿನಿಂದ ಪಾಠ ಮಾಡುತ್ತಿದ್ದರು. ಕೀಮೋದಿಂದ ಕೂದಲು ಉದುರಿದ ತಲೆಗೆ ಬಟ್ಟೆ ಕಟ್ಟಿಕೊಂಡು ಅವಳು ಒಳಕೋಣೆಯಲ್ಲಿ ಮಲಗಿ ಕೇಳುತ್ತಿದ್ದಳು. ಬೆನ್ನುಮೂಳೆಯ ಸುತ್ತ ರಕ್ತನಾಳಗಳ ಒಂದು ಬಲೆ ಇದೆಯಂತೆ. ಉಳಿದ ನಾಳಗಳಲ್ಲಿ ರಕ್ತ ಹಿಂದೆ ಹರಿಯದಂತೆ ಸಣ್ಣ ಬಾಗಿಲುಗಳು ಇರುತ್ತವೆ, ಇವಕ್ಕೆ ಇಲ್ಲ. ಆದ್ದರಿಂದ ಎದೆಯ ಕ್ಯಾನ್ಸರು ಈ ಓಣಿ ಹಿಡಿದು ಬೆನ್ನುಮೂಳೆಗೆ ಹೋಗಬಲ್ಲದು, ಇದು ಪರೀಕ್ಷೆಗೆ ಬರುವ ಪ್ರಶ್ನೆ, ಬರೆದುಕೊಳ್ಳಿ, ಎಂದು ಹೇಳುತ್ತ ರಾಯರು ಒಮ್ಮೆಲೇ ದನಿ ತಗ್ಗಿಸಿದ್ದರು. ಒಳಗೆ ಅವಳಿದ್ದಾಳೆಂದು ಆಗ ನೆನಪಾಗಿರಬೇಕು. ಅವಳು ನಿದ್ದೆ ಬಂದವಳಂತೆ ಗೋಡೆಯ ಕಡೆ ಹೊರಳಿದ್ದಳು.

ಅವರಿಗೆ ಗೊತ್ತು. ತನಗೂ ಗೊತ್ತು. ಇಬ್ಬರೂ ಸೇರಿ ಆ ಸಾಲನ್ನು ಮನೆಯೊಳಗೇ ಇಟ್ಟುಕೊಂಡಿದ್ದಾರೆ.

ದೇವರ ಮುಂದೆ ಕೂತಳು. ಏನೂ ಬೇಡಿಕೊಳ್ಳಲು ತೋಚಲಿಲ್ಲ. ಎದ್ದು ಬಂದು ಪುಸ್ತಕವನ್ನು ಚೀಲದಲ್ಲಿ, ಸ್ವೆಟರಿನ ಕೆಳಗೆ ಇಟ್ಟಳು.

ಮಂಗಳವಾರ ಆಸ್ಪತ್ರೆಯಲ್ಲಿ ತೂಕ ನೋಡಿ, ಬಿ.ಪಿ. ನೋಡಲು ಮಲಯ್ ನರ್ಸು ಕರೆದಳು. ಜಯಮಾಲಾ ಕೇಳುವ ಮೊದಲೇ ಬಲಗೈ ಚಾಚಿದಳು. ಆಪರೇಷನ್ನಿನಲ್ಲಿ ಎಡ ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಆ ಕೈಗೆ ಪಟ್ಟಿ ಕಟ್ಟುವಂತಿಲ್ಲ. ಕುರ್ಚಿಯಿಂದ ಏಳುವಾಗ ತಡವಾಯಿತು. "ಸಕಿತ್, ಪುವಾನ್?" ಎಂದಳು ನರ್ಸು, ನೋವಾ ಅಮ್ಮ ಎಂಬ ಹಾಗೆ. ಜಯಮಾಲಾ ಇಲ್ಲವೆಂದು ತಲೆಯಾಡಿಸಿದಳು. ಅಸ್ತು ದೇವತೆಗಳಿಗೆ ಮಲಯ್ ಬರುತ್ತದೋ ಇಲ್ಲವೋ, ಪರೀಕ್ಷೆ ಮಾಡಿ ನೋಡುವ ಧೈರ್ಯ ಅವಳಿಗಿರಲಿಲ್ಲ.

ಡಾಕ್ಟರ್ ಯಾಪ್ ಹಾಳೆ ತೆಗೆದುಕೊಂಡು ಓದಿದರು. ಕೈ ಬಾವು, ಕ್ಯಾಲ್ಸಿಯಂ ಮಾತ್ರೆ ಮುಂದುವರಿಸಬೇಕೇ, ಮುಂದಿನ ಮ್ಯಾಮೊಗ್ರಾಮು ಯಾವಾಗ. ಮೂರೇ ಪ್ರಶ್ನೆ. "ಮತ್ತೇನಾದರೂ ಇದೆಯಾ, ಆಂಟಿ?"

"ಇಲ್ಲ, ಚೆನ್ನಾಗಿದ್ದಾಳೆ," ಎಂದರು ರಾಯರು ಇಂಗ್ಲಿಷಿನಲ್ಲಿ, ಪ್ರತಿಸಲ ಹೇಳುವಂತೆ.

ಜಯಮಾಲಾ ಸ್ವೆಟರು ಪಕ್ಕಕ್ಕೆ ಸರಿಸಿ ಪುಸ್ತಕ ತೆಗೆದಳು. ಗುರುತಿಟ್ಟ ಪುಟ ತೆರೆದು ಡಾಕ್ಟರ ಮುಂದೆ ಮೇಜಿನ ಮೇಲೆ ಇಟ್ಟಳು. ಏಳನೆಯ ಸಾಲಿನ ಮೇಲೆ ಬೆರಳಿಟ್ಟಳು.

ಡಾಕ್ಟರು ಆ ದುಂಡು ಅಕ್ಷರಗಳನ್ನೂ ಕೆಂಪು ಗೆರೆಗಳನ್ನೂ ಸ್ವಲ್ಪ ಹೊತ್ತು ನೋಡಿದರು. ಒಮ್ಮೆ ರಾಯರ ಮುಖ ನೋಡಿದರು. ಹಾಳೆಯನ್ನು ಬದಿಗೆ ಸರಿಸಿದರು.

"ನನಗೆ ಈ ಲಿಪಿ ಓದಲು ಬರುವುದಿಲ್ಲ, ಪ್ರೊಫೆಸರ್. ಕೆಂಪು ಗೆರೆ ಇರುವುದನ್ನೆಲ್ಲ ನೀವೇ ಓದಿ ಹೇಳಿ."

ರಾಯರು ಕನ್ನಡಕ ಸರಿಮಾಡಿಕೊಂಡು ಪುಸ್ತಕ ಕೈಗೆ ತೆಗೆದುಕೊಂಡರು. ಬೆರಳಿನ ಬಿಗಿತ ಓದಿದರು. ನಿದ್ದೆ ಓದಿದರು. ಪಾಠ ಹೇಳುವ ದನಿ. ರುಚಿ ಇಲ್ಲದ್ದನ್ನು ಓದಿದರು. ಏಳನೆಯದಕ್ಕೆ ಬಂದು ನಿಂತರು. ಆಮೇಲೆ ಒಂದೊಂದೇ ಶಬ್ದವನ್ನು ಇಂಗ್ಲಿಷಿಗೆ ಎತ್ತಿ ಇಡುತ್ತ ಓದಿದರು: ಬೆನ್ನಿನ ನಡುವೆ. ಒಂದೇ ಕಡೆ. ಬೆರಳಿಟ್ಟು ತೋರಿಸುವ ಹಾಗೆ. ಮಲಗಿದರೆ ಜಾಸ್ತಿ. ‘ಕೂತೇ ನಿದ್ದೆ ಮಾಡುತ್ತೇನೆ’ ಎಂಬುದಕ್ಕೆ ಬಂದಾಗ ಇಂಗ್ಲಿಷು ಕೈಕೊಟ್ಟಿತು. ಕನ್ನಡದಲ್ಲೇ ಓದಿ ಪುಸ್ತಕ ಕೆಳಗಿಟ್ಟರು.

"ಎಷ್ಟು ದಿನದಿಂದ?"

ಜಯಮಾಲಾ ಕೈಚಾಚಿ ಪುಟಗಳನ್ನು ಹಿಂದಕ್ಕೆ ತಿರುಗಿಸಿದಳು. ಹೂಕುಂಡ ಎಂದು ಬರೆದಿದ್ದ ಪುಟ. ತಾರೀಖು ಅಂಕಿಯಲ್ಲಿತ್ತು, ಡಾಕ್ಟರಿಗೆ ತಾನಾಗಿಯೇ ತಿಳಿಯಿತು.

ಅವರು ಎದ್ದು ಬಂದು ಅವಳ ಬೆನ್ನಿನ ಮೂಳೆಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟುತ್ತ ಇಳಿದರು. ಒಂದು ಕಡೆ ಅವಳು ಉಸಿರು ಹಿಡಿದಳು. ಡಾಕ್ಟರು ಅಲ್ಲಿಗೆ ನಿಲ್ಲಿಸಿ, ಅವಳ ಹೆಗಲ ಮೇಲೆ ಕೈಯಿಟ್ಟು, ಫೋನು ತೆಗೆದು ಸ್ಕ್ಯಾನಿಂಗ್ ವಿಭಾಗಕ್ಕೆ ಮಾತಾಡಿದರು.

ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ರಾಯರು ದಿನಾ ಬೆಳಿಗ್ಗೆ ತಾವೇ ಹೂ ಕೊಯ್ದು ತಂದು ದೇವರ ಮುಂದೆ ಇಡುತ್ತಿದ್ದರು. ಹಿಂದೆಂದೂ ಮಾಡಿದವರಲ್ಲ. ಒಂದು ದಿನ ಅವಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಾಗ ಅವರು ಬಂದು ನಿಂತು, "ನಂಗೆ ಗೊತ್ತಿತ್ತು ಮಾಲಾ," ಎಂದರು.

"ನಂಗೂ ಗೊತ್ತಿತ್ತು," ಎಂದಳು ಅವಳು. ಒದ್ದೆ ಪಂಚೆಯ ಒಂದು ತುದಿಯನ್ನು ಅವರ ಕೈಗೆ ಕೊಟ್ಟಳು. ಇಬ್ಬರೂ ಕೊಡವಿ ಹರವಿದರು.

ಬೆನ್ನುಮೂಳೆಯಲ್ಲಿ ಎರಡು ಕಡೆ ಇತ್ತು. ಇನ್ನು ಪೂರ್ತಿ ವಾಸಿ ಎಂಬ ಮಾತಿಲ್ಲ, ಹಿಡಿತದಲ್ಲಿ ಇಡಲು ನೋಡೋಣ ಎಂದರು ಡಾಕ್ಟರ್ ಯಾಪ್. ನೋವಿಗೆ ಐದು ಸಲ ರೇಡಿಯೇಷನ್ನು, ಮುಂದಿನ ಸೋಮವಾರದಿಂದ. ಬೇರೆ ಮಾತ್ರೆ. ಹೇಳಬೇಕಾದ್ದನ್ನೆಲ್ಲ ಹೇಳಿದ ಮೇಲೆ ಅವರು ಒಂದು ಚೀಟಿಯಲ್ಲಿ ತಮ್ಮ ನಂಬರು ಬರೆದರು. "ಕಾಲು ಮರಗಟ್ಟಿದರೆ, ಜೋಮು ಹಿಡಿದರೆ, ನಡೆಯಲು ಸೋತರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಆ ದಿನವೇ, ಆ ಗಂಟೆಯೇ ಬನ್ನಿ. ಇದು ಪುಸ್ತಕದಲ್ಲಿ ಬರೆದಿಡುವ ಮಾತಲ್ಲ."

ಏಳುವ ಮೊದಲು ರಾಯರು ಕೇಳಿದರು, ಆರು ತಿಂಗಳ ಹಿಂದೆಯೇ ಹೇಳಿದ್ದರೆ?

ಡಾಕ್ಟರು ಪೆನ್ನು ಕೆಳಗಿಟ್ಟರು. "ಆಯುಷ್ಯದ ಬಗ್ಗೆ ನಾನು ಹೇಳಲಾರೆ, ಪ್ರೊಫೆಸರ್. ನೋವಿನ ಬಗ್ಗೆ ಹೇಳಬಲ್ಲೆ. ಅಷ್ಟು ನೋವನ್ನು ಅವರು ತಿನ್ನಬೇಕಾಗಿರಲಿಲ್ಲ."

ಆ ಶುಕ್ರವಾರ ಚೀಲ ಮತ್ತೆ ಕೊಕ್ಕೆಯಿಂದ ಇಳಿದಿತ್ತು. ಸೋಮವಾರಕ್ಕೆ ಬೇಕಾದ್ದನ್ನು ಜಯಮಾಲಾ ಕೂತಲ್ಲಿಂದ ಹೇಳುತ್ತಿದ್ದಳು, ರಾಯರು ಒಂದೊಂದೇ ತಂದು ತುಂಬುತ್ತಿದ್ದರು. ಕುರ್ತಾದ ಬದಲು ಟವೆಲು ತಂದು ಬೈಸಿಕೊಂಡರು. ಹೊರಗೆ ಕತ್ತಲಾಗುತ್ತ ಬಂದಿತ್ತು. ದೂರದ ಮಸೀದಿಯಿಂದ ಸಂಜೆಯ ಬಾಂಗು ಕೇಳಿತು. ರಾಯರು ದೇವರಿಗೆ ದೀಪ ಹಚ್ಚಿ ಬಂದು ಪುಸ್ತಕ ಬಿಡಿಸಿ ಮೇಜಿಗೆ ಕೂತರು. ಕೆಂಪು ಪೆನ್ನು ಎಲ್ಲಿ ಹೋಯಿತೋ, ಕೈಯಲ್ಲಿ ಮಗಳ ನೀಲಿ ಪೆನ್ನು ಇತ್ತು.

"ನೀನು ಬಗ್ಗಿ ಬರೆಯೋದು ಬೇಡ. ಹೇಳು, ನಾನು ಬರೀತೇನೆ. ಈಗ ಬೇಡ, ಬೆಳಿಗ್ಗೆ ಹೇಳಿದ್ರೂ ಆಯ್ತು. ಮುಸ್ಸಂಜೆ." ಅವಳ ಅಜ್ಜಿಯ ಮಾತಿಗೆ ನಗುತ್ತಿದ್ದ ಮನುಷ್ಯ ಅವರು.

ಜಯಮಾಲಾ ದೀಪದ ಕಡೆ ನೋಡಿದಳು. ಮಾಡಿನ ಮೇಲೆ ಯಾರಾದರೂ ಇದ್ದರೆ ಇರಲಿ. ಐದು ವರ್ಷ ಬಾಯಿ ಕಟ್ಟಿಕೊಂಡು ಇದ್ದದ್ದಕ್ಕೆ ಆ ದೇವತೆಗಳು ಏನನ್ನೂ ತಡೆದುಕೊಟ್ಟಿರಲಿಲ್ಲ.

"ಈಗ್ಲೇ ಹೇಳ್ತೇನೆ. ಬರೀರಿ. ಬೆನ್ನುನೋವು ಹಾಗೇ ಉಂಟು. ಹಸಿವಿಲ್ಲ. ಹೆದರಿಕೆ ಆಗ್ತದೆ."

"ಹೆದರಿಕೆ ಅಂತ್ಲೂ ಬರೀಬೇಕಾ?"

"ಬರೀರಿ."

ಅವರು ಬರೆದರು. ಗೆರೆ ತುಂಬುವಂತೆ ದೊಡ್ಡ ಅಕ್ಷರದಲ್ಲಿ.

"ಮತ್ತೆ?"

"ಕಾಲು ಜೋಮು ಹಿಡಿದ ಹಾಗೆ. ಚಪ್ಪಲಿ ಹಾಕಿದ್ದೇನೋ ಇಲ್ವೋ ಗೊತ್ತಾಗ್ತಿಲ್ಲ."

ಪೆನ್ನು ನಿಂತಿತು. "ಯಾವ ಕಾಲು?"

"ಎರಡೂ."

"ಯಾವಾಗಿಂದ ಮಾಲಾ?"

"ಬೆಳಿಗ್ಗೆಯಿಂದ."

ರಾಯರು ಬರೆಯಲಿಲ್ಲ. ಪುಸ್ತಕ ಮುಚ್ಚಿ ಎದ್ದು, ಚೀಟಿಯ ನಂಬರಿಗೆ ಫೋನು ಮಾಡಿ ಎರಡೇ ಮಾತು ಹೇಳಿದರು. ಕಾರಿನ ಕೀ ತೆಗೆದುಕೊಂಡು, ಅರ್ಧ ತುಂಬಿದ ಚೀಲವನ್ನು ಹೆಗಲಿಗೇರಿಸಿ, ಅವಳ ಮುಂದೆ ಬಗ್ಗಿ ನಿಂತರು. ಅವಳು ಅವರ ಕುತ್ತಿಗೆಗೆ ಕೈ ಹಾಕಿ ಎದ್ದಳು. ಕಾಲು ನೆಲಕ್ಕೆ ತಾಗಿದ್ದು ಕಣ್ಣಿಗೆ ಕಂಡಿತು, ಪಾದಕ್ಕೆ ತಿಳಿಯಲಿಲ್ಲ.

"ದೀಪ?" ಎಂದರು ರಾಯರು ಬಾಗಿಲಲ್ಲಿ.

"ಉರೀಲಿ. ಮಹಾಲಕ್ಷ್ಮಿ ಹತ್ರ ಕೀ ಉಂಟು, ಬಂದು ನೋಡ್ತಾಳೆ."

ಫೆಡರಲ್ ಹೈವೇಯಲ್ಲಿ ಶುಕ್ರವಾರದ ಸಂಜೆಯ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ತೆವಳುತ್ತಿದ್ದವು. ಮುಂದಿನ ಕಾರುಗಳ ಕೆಂಪು ದೀಪ ರಾಯರ ಮುಖದ ಮೇಲೆ ಬೀಳುತ್ತಿತ್ತು.

"ಇನ್ನೇನಾದ್ರೂ ಉಂಟಾ ಮಾಲಾ? ನಂಗೆ ಹೇಳದೆ ಇಟ್ಟದ್ದು?"

"ಉಂಟು," ಎಂದಳು ಅವಳು.

ಆಸ್ಪತ್ರೆಯ ಗೇಟು ಬರುವವರೆಗೂ ಹೇಳುತ್ತಲೇ ಹೋದಳು.